ಕಾಂಚನಳ ಪಾವಣ್ಯಾ

ಕಾಂಚನಳನ್ನು ಮೊದಲ ಸಲ ಕಂಡ ದಿನ ಗೌರವ್ವ ಅವಳನ್ನು ಕಾಂಡಿ ಸುತ್ತಲು ಬಂದ ಹೊಸ ಆಳು ಎಂದು ತಿಳಿದಿದ್ದಳು.

ಅಕ್ಷಯ ತದಿಗೆ ಆಗಷ್ಟೇ ಮುಗಿದಿತ್ತು. ಇಚಲಕರಂಜಿಯ ಬಿಸಿಲಿಗೆ ಕಾರಖಾನೆಯ ತಗಡಿನ ಮೇಲೆ ಕಾಗೆ ಸಹ ಕೂಡುತ್ತಿರಲಿಲ್ಲ. ಒಳಗೆ ಮಗ್ಗಗಳ ಸಪ್ಪಳ, ಹೊರಗಿನ ಕೋಣೆಯಲ್ಲಿ ಕಾಂಡಿಯ ಹೆಂಗಸರು. ದೊಡ್ಡ ಕೋನಿನ ನೂಲನ್ನು ಲಾಳಿಯೊಳಗೆ ಹಿಡಿಯುವಂಥ ಸಣ್ಣ ಕಡ್ಡಿಗೆ ಸುತ್ತಿ ಕೊಡುವುದಕ್ಕೆ ಅಲ್ಲಿ ಕಾಂಡಿ ಕೆಲಸ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲಿನಿಂದ ಗೌರವ್ವನದು ಅದೇ ಕೆಲಸ; ಆ ಕೋಣೆಯಲ್ಲಿ ವಯಸ್ಸಿಗೂ ಮಾತಿಗೂ ಅವಳೇ ಹಿರಿಯಳು. ಹೆಗಲಿಗೆ ಚೀಲ ಹಾಕಿಕೊಂಡ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಇಣುಕಿದಾಗ ಗೌರವ್ವ ಕೈ ನಿಲ್ಲಿಸದೆಯೇ ಹೇಳಿದಳು.

“ಹೊಸಾಕಿ ಏನವಾ? ಬಾ ಒಳಗ. ಮೊದಲ ಆ ಉಂಗುರ ತಗದ ಕಟ್ಟಕೋ. ನೂಲಿಗೆ ಸಿಕ್ಕಿತಂದ್ರ ಬೆರಳ ಕೇಳತೈತಿ.”

ಬಂದವಳು ಎದುರಾಡಲಿಲ್ಲ. ಉಂಗುರ ತೆಗೆದು ಓಢಣಿಯ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಹೇಳಿದಳು, “ಕಟ್ಟಿಕೊಂಡ್ನಿರಿ ಆಯಿ. ನನ್ನ ಕೆಲಸಕ್ಕೂ ಉಂಗುರ ಆಗಿ ಬರೂದಿಲ್ಲ. ಆದ್ರ ನಾ ಕಾಂಡಿಗೆ ಬಂದಿಲ್ರಿ, ಕಂಪ್ಯೂಟರ್ ನೋಡಾಕ ಬಂದೇನಿ. ಆಫೀಸ ಯಾವ ಕಡೆ?”

ಕೋಣೆಯ ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿದರು. “ಗೌರವ್ವಾಯಿ ಕಂಪ್ಯೂಟರ್‌ಬಾಯಿನ್ನ ಹಿಡಿದ ಕಾಂಡಿಗೆ ಕೂಡ್ರಸಾಕತ್ತಿದ್ಲ ನೋಡ್ರಿ,” ಎಂದಳು ಒಬ್ಬಳು. ಗೌರವ್ವನಿಗೂ ನಗು ಬಂತು. ಆದರೆ ಕಂಪ್ಯೂಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಆ ನಗು ಅರ್ಧಕ್ಕೆ ನಿಂತಿತು. ತಾನೇ ಎದ್ದು ಆಫೀಸಿನ ದಾರಿ ತೋರಿಸಲು ಹೊರಟಳು.

ಅದಕ್ಕೆ ಕಾರಣವಿತ್ತು. ಅವಳ ಗಂಡ ಶಂಕರಲಿಂಗ ಅದೇ ಕಾರಖಾನೆಯಲ್ಲಿ ಚೌಕುಳಿ ಕಾಗದದ ಮೇಲೆ ಸೀರೆಯ ಅಂಚು, ಸೆರಗುಗಳನ್ನು ಬರೆಯುತ್ತಿದ್ದವನು. ಅವನ ಕೊತ್ತಂಬರಿ ಹೂವಿನ ಅಂಚಿಗೆ ಒಂದು ಕಾಲದಲ್ಲಿ ಜಯಸಿಂಗಪುರದ ಅಂಗಡಿಗಳಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಅದಕ್ಕೂ ಮೊದಲು ಯಾರೋ ಪುಣ್ಯವಂತರು ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರಿಂದ ಅವನ ಕೈಬರಹ ಅಂತ ಉಳಿದದ್ದು ಆಫೀಸಿನ ಆ ಹಳೇ ಡಬ್ಬಿಯಲ್ಲಿ ಮಾತ್ರ. ಆ ಡಬ್ಬಿ ಈಚೆಗೆ ಕೆಮ್ಮುತ್ತ ಏಳುತ್ತಿತ್ತು, ಕೆಮ್ಮುತ್ತ ಮಲಗುತ್ತಿತ್ತು.

ಆಫೀಸು ಕಾರಖಾನೆಗೂ ಮಾಲಕರ ಮನೆಗೂ ನಡುವಿನ ಕೋಣೆ. ಎರಡೂ ಕಡೆಗೆ ಬಾಗಿಲು. ಮಾಲಕ ಅಭಯಕುಮಾರರು ಕಾಂಚನಳನ್ನು ಕಂಡು ಅವಳ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು. ಯಾರೂ ಬರಲಿಲ್ಲ. ಡಿಸೈನ್ ತೆಗೆಯುವ ಹುಡುಗ ವೈಭವ ಕುರ್ಚಿ ಬಿಟ್ಟು ಎದ್ದ. ಕಾಂಚನ ಕುಳಿತು, ಹಳೇ ಡಬ್ಬಿಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಅದರ ಸಪ್ಪಳವನ್ನೇ ಕೇಳಿದಳು.

“ಇದು ಭಾಳ ದಿನಾ ಬಾಳೂದಿಲ್ರಿ ಮಾಲಕರ. ಇದರಾಗಿನ ಡಿಸೈನ್ ಸಾಫ್ಟ್‌ವೇರ್ ಹೊಸ ಲ್ಯಾಪ್‌ಟಾಪಿನ್ಯಾಗ ನಡಿಯೂದಿಲ್ಲ. ಅದನ್ನ ಮಾಡಿದ ಕಂಪನಿ ಮುಚ್ಚೇತಿ. ಅದಕ್ಕ ಈ ಇಡೀ ಕಂಪ್ಯೂಟರ್ನ ಹೊಸದರ ಹೊಟ್ಟ್ಯಾಗ ಇಟ್ಟ ಬಿಡತೇನಿ.”

ನೀರಿನ ತಂಬಿಗೆ ಹಿಡಿದು ನಿಂತಿದ್ದ ಗೌರವ್ವ ಸುಮ್ಮನಿರಲಾರದೆ ಕೇಳಿದಳು. “ಡಬ್ಬಿ ಒಳಗ ಡಬ್ಬಿ ಹೆಂಗ ಹಿಡಸತೈತವಾ?”

“ಡಬ್ಬಿ ಹೊರಗ ಉಳೀತೈತ್ರಿ ಆಯಿ, ಜೀವ ಅಷ್ಟ ಒಳಗ ಹೋಗತೈತಿ. ನಮ್ಮ ಕೆಲಸದಾಗ ಹೊರಗಿಂದಕ್ಕ ಮನಿಯವರು ಅಂತೇವಿ, ಒಳಗಿಂದಕ್ಕ ಅತಿಥಿ, ಪಾವಣ್ಯಾ ಅಂತೇವಿ. ಮನಿಯವರು ಜಾಗಾ ಕೊಡತಾರ, ಊಟಾ ಕೊಡತಾರ. ಪಾವಣ್ಯಾಗ ತಾ ಇನ್ನೊಬ್ಬರ ಮನ್ಯಾಗ ಇದ್ದೇನಿ ಅನ್ನೂದ ಗೊತ್ತ ಇರೂದಿಲ್ಲ. ಇದು ನಂದ ಮನಿ ಅಂತ ತಿಳದ ಆರಾಮ ಕುಂತಿರತಾನ.”

“ಹಂತಾ ಪಾವಣ್ಯಾರ್ನ ನಾನೂ ಭಾಳ ಮಂದಿನ್ನ ನೋಡೇನಿ ಬಿಡ,” ಎಂದಳು ಗೌರವ್ವ.

ಆ ದಿನ ಸಂಜೆಯೊಳಗೆ ಹಳೇ ಕಂಪ್ಯೂಟರು ಹೊಸ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಕಿಟಕಿಯಾಗಿ ತೆರೆದುಕೊಂಡಿತು. ಹಳೇ ಡಬ್ಬಿಯ ಹಿಂದೆ ಇದ್ದ, ಹೆಬ್ಬೆರಳಿನಷ್ಟು ದೊಡ್ಡದಾದ ಹಸಿರು ಕೀಲಿಯೊಂದನ್ನು ಕಾಂಚನ ತೆಗೆದು ಲ್ಯಾಪ್‌ಟಾಪಿನ ಪಕ್ಕಕ್ಕೆ ಸಿಕ್ಕಿಸಿದಳು. ಆ ಕೀಲಿ ಇದ್ದರೆ ಮಾತ್ರ ಡಿಸೈನುಗಳು ತೆರೆಯುತ್ತವೆ, ಅಂಥದು ಇನ್ನೊಂದು ಎಲ್ಲೂ ಸಿಗುವುದಿಲ್ಲ, ಕೂಸನ್ನು ನೋಡಿದ ಹಾಗೆ ನೋಡಬೇಕು ಎಂದು ವೈಭವನಿಗೆ ಹೇಳಿದಳು. ಪಾವಣ್ಯಾನಿಗೆ ತೊಂದರೆಯಾಗಬಾರದೆಂದು ಲ್ಯಾಪ್‌ಟಾಪಿಗೂ ಅಪ್ಪಣೆ ಕೊಟ್ಟಳು: ತಾನಾಗಿ ಮಲಗಬಾರದು, ಪರದೆಯೂ ಆರಬಾರದು. ಹದಿನೈದು ದಿನ ಅದು ಸುಸೂತ್ರ ನಡೆದದ್ದನ್ನು ನೋಡಿಯಾದ ಮೇಲೆ ಅಭಯಕುಮಾರರು, “ಹಳೇದನ್ನ ಭಂಗಾರಕ್ಕ ಹಾಕ್ಲೇನ್ರಿ?” ಎಂದು ಗುಜರಿಗೆ ಕೊಡುವ ಮಾತೆತ್ತಿದರು.

“ಹಾಕ್ರಿ,” ಎಂದಳು ಕಾಂಚನ.

ಆ ಒಂದು ಮಾತು ಮುಂದೆ ಅವಳ ಕೊರಳಿಗೆ ಸುತ್ತಿಕೊಂಡಿತು.

ಆ ದಿನಗಳಲ್ಲಿ ಅವಳು ಬಂದಾಗಲೆಲ್ಲ ಕಾಂಡಿ ಕೋಣೆಯಲ್ಲಿಯೇ ರೊಟ್ಟಿ ಬಿಚ್ಚುತ್ತಿದ್ದಳು. ಗಡಹಿಂಗ್ಲಜ ತಾಲೂಕಿನ ಮಹಾಗಾಂವದವಳು. ಅವಳ ತಾಯಿ ಮಾಯವ್ವ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಕಾಂಚನ ಗಡಹಿಂಗ್ಲಜದ ಕಾಲೇಜಿನಿಂದ ಬಂದವಳೇ ಜೋಳದ ಬುಟ್ಟಿಗಳ ನಡುವೆ ಕುಳಿತು ಓದುತ್ತಿದ್ದಳಂತೆ. ಓದು ಮುಗಿದ ಮೇಲೆ ಕೊಲ್ಹಾಪುರದ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದಳು. ಅಲ್ಲಿ ಬಂದ ಗಿರಾಕಿಗಳೆಲ್ಲ “ಸರ್ ಇಲ್ಲೇನು?” ಎಂದೇ ಕೇಳುತ್ತಿದ್ದರು.

“ಸರ್ ಚಾ ಕುಡ್ಯಾಕ ಹೋಗ್ಯಾರ, ಅವರು ಬರೂತನಕಾ ನಾ ನೋಡಿರತೇನಿ ಅಂತಿದ್ನಿರಿ,” ಎಂದು ಅವಳು ಶೇಂಗಾ ಚಟ್ನಿಯಲ್ಲಿ ರೊಟ್ಟಿ ಒತ್ತುತ್ತ ಹೇಳಿದಳು. “ಸರ್ ಬರೂದರಾಗ ಕೆಲಸ ಮುಗೀತಿತ್ತು.”

“ಅಷ್ಟ ಚಾ ಕುಡಿಯೂ ಸರ್ ಯಾರವಾ ಅವ?”

“ಸರ್ ಇದ್ರ ಅಲ್ರಿ ಆಯಿ ಬರಾಕ.”

ಮದುವೆಯಾದದ್ದು ಕೊಲ್ಹಾಪುರದಲ್ಲೇ, ಗಂಡ ಸಿದ್ಧಲಿಂಗ ಫೌಂಡ್ರಿಯಲ್ಲಿ ಫಿಟ್ಟರ್. ಮದುವೆಯ ಮೇಲೆ ಅಂಗಡಿ ಬಿಟ್ಟು, ಸ್ಕೂಟರ್ ತೆಗೆದುಕೊಂಡು, ಊರೂರಿನ ಕಾರಖಾನೆಗಳಿಗೆ ತಾನೇ ಹೋಗಲು ಶುರು ಮಾಡಿದಳು. ಒಂದು ಕಡೆ ಕೆಲಸ ಕೆಟ್ಟರೆ ಹತ್ತು ಕಡೆ ಬಾಗಿಲು ಮುಚ್ಚುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗಂಡಸು ಮಾಡಿದ್ದು ಕೆಟ್ಟರೆ ಯಂತ್ರ ಕೆಟ್ಟಿತು ಎನ್ನುತ್ತಾರೆ. ತಾನು ಮಾಡಿದ್ದು ಕೆಟ್ಟರೆ ಹೆಂಗಸಿನ ಕೈಗೆ ಕೊಟ್ಟದ್ದೇ ತಪ್ಪು ಎನ್ನುತ್ತಾರೆ ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು.

ಆಷಾಢದಲ್ಲಿ ಮಳೆ ಹಿಡಿದು ಒಂದು ವಾರವಾಗಿತ್ತು. ಬೆಳಿಗ್ಗೆ ಗೌರವ್ವ ಕಾಂಡಿಯ ಮುಂದೆ ಕೂಡುವ ಹೊತ್ತಿಗೆ ಆಫೀಸಿನಿಂದ ವೈಭವ ಕೂಗಿದ್ದು ಕೇಳಿಸಿತು. ಹೋಗಿ ನೋಡಿದರೆ ಪರದೆಯ ಕಿಟಕಿಯೆಲ್ಲ ನೀಲಿ, ಅದರ ಮೇಲೆ ಬಿಳಿ ಅಕ್ಷರ. ಗೌರವ್ವನಿಗೆ ಕನ್ನಡದ ಅಕ್ಷರಗಳೇ ಕೂಡಿಸಿ ಕೂಡಿಸಿ ಬರುತ್ತಿದ್ದವು, ಇವು ಇಂಗ್ಲಿಷಿನವು. ಆದರೆ ವೈಭವನ ಮುಖ ಓದುವುದಕ್ಕೆ ಅಕ್ಷರ ಬೇಕಿರಲಿಲ್ಲ.

“ಪಾವಣ್ಯಾ ಬಿದ್ದಾನ್ರಿ,” ಎಂದು ಅವನು ಫೋನಿನಲ್ಲಿ ಕಾಂಚನಳಿಗೆ ಹೇಳುತ್ತಿದ್ದ. “ನಿನ್ನೆ ಮಾಡಿದ್ದೆಲ್ಲಾ ಹೋತ್ರಿ ಮ್ಯಾಡಮ್.”

ಅವಳು ಫೋನಿನಲ್ಲೇ ಹೇಳಿ ಎಬ್ಬಿಸಿದಳು. ಮರುದಿನ ಮತ್ತೆ ಬಿದ್ದ. ಅದರ ಮರುದಿನವೂ ಬಿದ್ದ. ಮೂರನೆಯ ಸಲ ಎದ್ದಾಗ ಹಿಂದಿನ ದಿನ ತೆರೆದಿಟ್ಟಿದ್ದ ಒಂದು ಸೆರಗಿನ ಡಿಸೈನು ಮತ್ತೆ ತೆರೆಯಲೇ ಇಲ್ಲ. ಹರಿದ ನೂಲಿನ ಹಾಗೆ ಅದರ ತುದಿ ಸಿಗಲಿಲ್ಲ.

ಕಾಂಚನ ಮಳೆಯಲ್ಲಿ ತೊಯ್ದುಕೊಂಡೇ ಬಂದಳು. ಮೊದಲು, ಪಾವಣ್ಯಾನಿಗೆ ಊಟ ಕಡಿಮೆ ಬಿದ್ದಿರಬೇಕು ಎಂದು ಅವನ ಪಾಲಿನ ಮೆಮರಿ ಹೆಚ್ಚಿಸಿದಳು. ಬಿದ್ದ. ಜಾಗ ಸಾಲದಾಯಿತೇನೋ ಎಂದು ಡಿಸ್ಕ್ ನೋಡಿದಳು, ಜಾಗ ಬೇಕಾದಷ್ಟಿತ್ತು. ಬೇಸರದ ಸಂಗತಿ ಎಂದರೆ ಅವಳು ಎದುರಿಗೆ ಕುಳಿತಿರುವಷ್ಟು ಹೊತ್ತು ಅವನು ಬೀಳುತ್ತಲೇ ಇರಲಿಲ್ಲ. ಇಡೀ ದಿನ ಸರಿಯಾಗಿ ನಡೆದು, ಕತ್ತಲಾಗುವುದರೊಳಗೆ ಕೊಲ್ಹಾಪುರ ಮುಟ್ಟಬೇಕೆಂದು ಅವಳು ಸ್ಕೂಟರ್ ಏರಿ ಹೋದರೆ, ಮರುದಿನ ಬೆಳಿಗ್ಗೆ ನೀಲಿ.

“ನನ್ನ ಮುಂದ ನಾಟಕಾ ಮಾಡತಾನ್ರಿ ಆಯಿ ಅಂವಾ,” ಎಂದಳು. “ಡಾಕ್ಟರ್ ಬಂದ ಕೂಡ್ಲೆ ಕೂಸಿನ ಜ್ವರ ಇಳದಂಗ.”

ಒಂದು ದಿನ ಅವಳು, ಬೀಳುವ ಮುಂಚೆ ಪಾವಣ್ಯಾ ಬರೆದಿಟ್ಟಿದ್ದ ವರದಿಯನ್ನು ಬಿಚ್ಚಿ ಓದಿದಳು. ಯಂತ್ರಗಳು ಸಾಯುವ ಮುಂಚೆ ತಮಗೆ ಏನಾಯಿತೆಂದು ನಾಲ್ಕು ಮಾತು ಬರೆದಿಡುತ್ತವಂತೆ. ಗೌರವ್ವ ಚಹಾದ ಕಪ್ಪು ಇಟ್ಟದ್ದೂ ಅವಳಿಗೆ ತಿಳಿಯಲಿಲ್ಲ.

“ಏನಂತವಾ?”

“ಕೀಲಿ ಹೆಸರ ಬರದಾನ್ರಿ. ಕೀಲಿ ಸಿಗಲಿಲ್ಲ, ಅದಕ್ಕ ಬಿದ್ನಿ ಅಂತಾನ.” ಅವಳು ಹಸಿರು ಕೀಲಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದಳು. “ಕೀಲಿ ಸಾಯಾಕತ್ತಿತ್ತಂದ್ರ ಮುಗೀತ್ರಿ. ನನ್ನ ಹತ್ರ ಎಲ್ಲಾದರದೂ ನಕಲ ಐತಿ. ಆದ್ರ ಕೀಲಿ ಇಲ್ಲದ ಒಂದೂ ತೆರೆಯೂದಿಲ್ಲ. ಬೀಗಾ ಹಾಕಿದ ಕಪಾಟದ ನಕಲ ತಗೊಂಡ ಏನ ಮಾಡೂದ್ರಿ?”

ಗೌರವ್ವ ಹಸಿರು ಕೀಲಿಯನ್ನೇ ನೋಡಿದಳು. ಕೊತ್ತಂಬರಿ ಹೂವು ಆ ಕಪಾಟಿನಲ್ಲಿತ್ತು.

ಎರಡು ದಿನ ಕಾಂಚನ ಕೊಲ್ಹಾಪುರದಲ್ಲಿ ತನಗೆ ಗೊತ್ತಿದ್ದವರನ್ನೆಲ್ಲ ಕೇಳಿದಳು. ಅಂಥ ಕೀಲಿ ಯಾರ ಬಳಿಯೂ ಇರಲಿಲ್ಲ. ಅದನ್ನು ಮಾಡಿದವರ ವಿಳಾಸ ಕೂಡ ಯಾರಿಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ತಿರುಗಿ ಬಂದಾಗ ಅಭಯಕುಮಾರರು ಫೋನಿನಲ್ಲಿ ಮಾತಾಡುತ್ತಿದ್ದರು. “ಹೋ ತಾನಾಜಿ, ಉದ್ಯಾ ಸಕಾಳೀ ಯಾ,” ಎಂದು ಮರಾಠಿಯಲ್ಲಿ ನಾಳೆ ಬೆಳಿಗ್ಗೆಯೇ ಬರಲು ಹೇಳಿ ಫೋನು ಕೆಳಗಿಟ್ಟರು. ತಾನಾಜಿ ಕೊಲ್ಹಾಪುರದ ಇನ್ನೊಬ್ಬ ಕಂಪ್ಯೂಟರಿನವನು.

“ನಾಳೆ ತಾನಾಜಿ ಬರತಾನ. ಎಲ್ಲಾ ಅಳಿಸಿ ಹೊಸಾ ಸಾಫ್ಟ್‌ವೇರ್ ಹಾಕತಾನ.”

“ಹಳೇ ಡಿಸೈನ್ ಹೊಸದರಾಗ ತೆರೆಯೂದಿಲ್ರಿ ಮಾಲಕರ.”

“ಗೊತ್ತೈತಿ. ದಿನಾ ಒಂದೊಂದ ಸಾಯೂದಕಿಂತಾ ಎಲ್ಲಾ ಒಮ್ಮೆಲೆ ಹೋಗಲಿ. ದೀಪಾವಳಿ ಮಾಲು ಮಗ್ಗಕ್ಕ ಏರಬೇಕು, ನಾ ಎಷ್ಟ ದಿನಾ ಕಾಯಲಿ?” ಅವರು ದನಿ ಏರಿಸುವವರಲ್ಲ, ಆ ದಿನವೂ ಏರಿಸಲಿಲ್ಲ. “ಭಂಗಾರಕ್ಕ ಹಾಕ್ರಿ ಅಂದಾವ್ರು ನೀವ, ಕಾಂಚನಬಾಯಿ.”

ಕಾಂಚನ ಕಾಂಡಿ ಕೋಣೆಗೆ ಬಂದು ನೂಲಿನ ಚೀಲದ ಮೇಲೆ ಕುಳಿತಳು. ರೊಟ್ಟಿ ಬಿಚ್ಚಿದಳು, ಮುರಿಯಲಿಲ್ಲ. ಹೊರಗೆ ಸೂರಿನ ಪನಾಳಿಯಿಂದ ನೀರು ಸುರಿಯುತ್ತಿತ್ತು. ಗೌರವ್ವ ಏನು ಹೇಳಬೇಕೆಂದು ತಿಳಿಯದೆ ಕೇಳಿದಳು, “ನಿಮ್ಮವ್ವನ ಗಿರಣಿ ತಿರುಗಿಸೂ ಪಟ್ಟಾ ಜಾರಿ ಬಿದ್ರ ಏನ ಮಾಡತಿದ್ಲವಾ?”

“ಬೈತಿದ್ಲರಿ,” ಎಂದಳು ಕಾಂಚನ, ಎತ್ತಲೋ ನೋಡುತ್ತ. “ನನಗ. ನಾ ಪ್ರತಿ ಸಲಾ ಬೀಸೂಕಲ್ಲ ಕಡೆ ಓಡತಿದ್ನಿ. ಕಲ್ಲ ಏನ ಮಾಡೇತಿ ನಿನಗ, ಅದು ತಿರುಗಸಿದ್ರ ತಿರುಗತೈತಿ, ಎದ್ದ ಮೋಟಾರ್ ನೋಡ ಅಂತ...”

ಅವಳು ಅಲ್ಲಿಗೇ ನಿಂತಳು. ರೊಟ್ಟಿಯನ್ನು ಹಾಗೆಯೇ ಬಟ್ಟೆಯಲ್ಲಿ ಸುತ್ತಿದಳು.

“ಆಯಿ, ಇಷ್ಟ ದಿನಾ ನಾ ಬಿದ್ದಾಂವನ್ನ ಅಷ್ಟ ಕೇಳೇನ್ರಿ. ಮನಿಯವರನ್ನ ಕೇಳೇ ಇಲ್ಲ.”

ಪಾವಣ್ಯಾನ ವರದಿಯನ್ನು ಬದಿಗಿಟ್ಟು ಅವಳು ಹೊರಗಿನ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನು ಬರೆದುಕೊಳ್ಳುವ ದಿನಚರಿಯನ್ನು ತೆರೆದಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಗೌರವ್ವ ಬಾಗಿಲಿಗೆ ಆತು ನಿಂತಿದ್ದಳು. ವೈಭವ ತನ್ನ ಕೆಲಸ ಬಿಟ್ಟು ನೋಡುತ್ತಿದ್ದ.

“ಮಲಗೇತಿ,” ಎಂದಳು ಕಾಂಚನ. “ದಿನಾ ಸಂಜಿಕ ಮಲಗಿ ದಿನಾ ಮುಂಜಾನೆ ಎದ್ದೇತಿ. ಮಲಗಬ್ಯಾಡ ಅಂತ ನಾನ ಹೇಳಿಟ್ಟೇನಿ. ಮನಿಯವರು ಮಲಗಿದ್ರ ಕೀಲಿಗೂ ಕರೆಂಟ್ ಸಿಗೂದಿಲ್ಲ. ಎದ್ದಾಗ ಪಾವಣ್ಯಾಗ ಕೀಲಿ ಕಾಣೂದಿಲ್ಲ, ಗಾಬರಿ ಆಗಿ ಬೀಳತಾನ. ಕೀಲಿ ಸತ್ತಿಲ್ರಿ.” ಅವಳು ಹಸಿರು ಕೀಲಿಯನ್ನೊಮ್ಮೆ ಮುಟ್ಟಿ ವೈಭವನತ್ತ ತಿರುಗಿದಳು. “ಆದ್ರ ಇದನ್ನ ಮಲಗಸಾಕತ್ತವರು ಯಾರು? ವೈಭವ, ಹೋಗೂ ಮುಂದ ನೀವು ಏನಾರ ಮಾಡತೀರಿ?”

“ಏನೂ ಮಾಡೂದಿಲ್ರಿ. ಡಿಸೈನ್ ತೆರದಲ್ಲೇ ಬಿಟ್ಟ ಹೋಗತೇನಿ. ಮಗ್ಗದ ಮ್ಯಾಲಿನ ಸೀರಿ ಸಂಜಿಕ ಯಾರಾರ ಬಿಚ್ಚಿಡತಾರೇನ್ರಿ?”

ಅದು ಆ ಊರಿನ ರೀತಿ. ಮಗ್ಗ ನಿಲ್ಲಿಸುತ್ತಾರೆ, ನೆಯ್ಗೆ ಅಲ್ಲೇ ಇರುತ್ತದೆ. ಮರುದಿನ ಅದೇ ಎಳೆಯಿಂದ ಶುರು. ಕಾಂಚನ ಅವನನ್ನು ಬೈಯಲಿಲ್ಲ. ಸಾಲುಗಳನ್ನು ಮತ್ತೆ ನೋಡಿದಳು. ಮಲಗಿದ ಹೊತ್ತು ಒಂದು ದಿನದ ಹಾಗೆ ಇನ್ನೊಂದು ದಿನ ಇರಲಿಲ್ಲ. ಗಡಿಯಾರಕ್ಕೆ ಕಟ್ಟಿದ ಕೆಲಸವಾದರೆ ಹಾಗೆ ಹಿಂದೆಮುಂದೆ ಆಗುವುದಿಲ್ಲ. ಅವಳು ತಲೆಯೆತ್ತಿ, “ಆಯಿ, ಮೊನ್ನೆ ಸೋಮವಾರ ಸಂಜಿಕ ಮೋಡಾ ಇತ್ತೇನ್ರಿ?” ಎಂದಳು.

“ದಟ್ಟ ಇತ್ತವಾ. ನೂಲ ಹಸಿಯಾಗಿ ಕಾಂಡಿ ಮ್ಯಾಲೆ ಜಾರಾಕತ್ತಿತ್ತು, ಲಗೂನ ಎದ್ದ ಹೋದ್ವಿ.”

“ಗುರುವಾರ?”

“ಹೊಳವಾಗಿತ್ತು. ಬಿಸಿಲ ಬಿದ್ದಿತ್ತು.”

“ಸೋಮವಾರ ಲಗೂ ಮಲಗೇತಿ. ಗುರುವಾರ ತಡಾ ಮಾಡೇತಿ.” ಕಾಂಚನ ಕುರ್ಚಿಗೆ ಬೆನ್ನು ಹಚ್ಚಿದಳು. “ಇದು ಗಡಿಯಾರ ನೋಡಿ ಮಲಗೂದಿಲ್ರಿ. ಆಕಾಶ ನೋಡಿ ಮಲಗತೈತಿ.”

ಅವಳು ಗಂಡನಿಗೆ ಫೋನು ಮಾಡಿ ತಡವಾಗುತ್ತದೆ ಎಂದಳು. ಗಿರಣಿಯಲ್ಲಿ ಕಲಿತ ಇನ್ನೊಂದು ಪಾಠ ಅವಳಿಗಿತ್ತು: ಪಟ್ಟಾ ಹೇಗೆ ಜಾರುತ್ತದೆ ಎಂದು ಕಣ್ಣಾರೆ ಕಾಣದೆ ಅದನ್ನು ಮತ್ತೆ ಏರಿಸಬಾರದು. ಆ ಸಂಜೆ ವೈಭವ ಎಂದಿನಂತೆ ಡಿಸೈನು ತೆರೆದಿಟ್ಟು ಹೋಗಬೇಕೆಂದು ಗೊತ್ತು ಮಾಡಿದರು. ಅವನು ದೀಪಾವಳಿಗೆಂದು ಅಗಲ ಮಾಡುತ್ತಿದ್ದದ್ದು ಕೊತ್ತಂಬರಿ ಹೂವಿನ ಅಂಚನ್ನೇ.

“ಬ್ಯಾರೇದ ತೆರದಿಡಬಾರದೇನವಾ?” ಎಂದಳು ಗೌರವ್ವ.

ಕಾಂಚನ ಅವಳ ಮುಖ ನೋಡಿದಳು. “ಇದನ್ನ ಬರದಾವ್ರು ನಿಮ್ಮ ಮನಿಯವರಲ್ರಿ? ವೈಭವ ಹೇಳ್ಯಾನ. ಮೊದಲ ಇದರದೊಂದು ನಕಲ ತಗದಿಡತೇನಿ. ಹೆದರಬ್ಯಾಡ್ರಿ.” ಹೆದರಬೇಡಿ ಎಂದವಳೇ ಒಂದರ ಬದಲು ಎರಡು ನಕಲು ತೆಗೆದಿಟ್ಟಳು.

ಮಗ್ಗಗಳು ನಿಂತವು. ಆಫೀಸಿನ ದೀಪ ಆರಿಸಿ ಬಾಗಿಲು ಎಳೆದುಕೊಂಡು ವೈಭವ ಹೋದ. ಗೌರವ್ವ, ಕಾಂಚನ ಇಬ್ಬರೂ ಕಪಾಟಿನ ಮರೆಗೆ ನೂಲಿನ ಚೀಲ ಹಾಕಿಕೊಂಡು ಕುಳಿತರು. ಹೊರಗೆ ಮೋಡ ಇಳಿಯಿತು. ಕೋಣೆಯಲ್ಲಿ ಬೆಳಕೆಂದರೆ ಲ್ಯಾಪ್‌ಟಾಪಿನ ಪರದೆಯೊಂದೇ. ಮಳೆಗಾಲದ ಹುಳಗಳು ಕಿಟಕಿಯ ಸಂದಿಯಿಂದ ಒಳಗೆ ಬಂದು ಪರದೆಗೆ ಮುತ್ತಿದವು. ಕೆಲವು ಅಂಚಿನ ಹೂವುಗಳ ಮೇಲೆ ಕೂತವು, ಕೆಲವು ಕೆಳಗೆ ಬಿದ್ದು ಕೀಲಿಮಣೆಯ ಮೇಲೆ ಒದ್ದಾಡಿದವು. ಮಗ್ಗ ನಿಂತ ಕಾರಖಾನೆಯಲ್ಲಿ ಅಂಥ ಮೌನವನ್ನು ಗೌರವ್ವ ಎಂದೂ ಕೇಳಿರಲಿಲ್ಲ.

ಮನೆಯ ಕಡೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಬಂದವರು ಮಾಣಿಕಬಾಯಿ, ಅಭಯಕುಮಾರರ ತಾಯಿ. ಬಿಳಿ ಸೀರೆ; ತುಟಿಗಳಲ್ಲಿ ಪಿಸುಮಾತಿನ ಮಂತ್ರ. ಹೊತ್ತು ಮುಳುಗುವುದರೊಳಗೆ ಉಂಡು ಬಾಯಿ ತೊಳೆದುಕೊಂಡು ಬಂದಿದ್ದರು. ಲ್ಯಾಪ್‌ಟಾಪಿನ ಮುಂದೆ ಬಗ್ಗಿ, ಸೆರಗಿನ ತುದಿಯಿಂದ ಹುಳಗಳನ್ನು ಮೆಲ್ಲಗೆ ಹಾರಿಸಿದರು. ಒದ್ದಾಡುತ್ತಿದ್ದ ಒಂದನ್ನು ಕಾಗದದ ತುಂಡಿನ ಮೇಲೆ ಹತ್ತಿಸಿಕೊಂಡು ಕಿಟಕಿಯ ಕಟ್ಟೆಗೆ ಬಿಟ್ಟರು. ಒಂದೂ ಉಳಿದಿಲ್ಲ ಎಂದು ನೋಡಿಕೊಂಡು, ಮಲಗಿದ ಮಗುವಿಗೆ ಕೌದಿ ಎಳೆದ ಹಾಗೆ ಪರದೆಯನ್ನು ಕೆಳಗಿಳಿಸಿ ಮುಚ್ಚಿದರು.

ಗೌರವ್ವ ಕೂಗಲು ಬಾಯಿ ತೆರೆದಳು. ಕಾಂಚನಳ ತಣ್ಣನೆಯ ಕೈ ಅವಳ ಮುಂಗೈಯನ್ನು ಹಿಡಿಯಿತು. ಕತ್ತಲಲ್ಲಿ ಲ್ಯಾಪ್‌ಟಾಪಿನ ಅಂಚಿನ ಸಣ್ಣ ದೀಪ, ಅಷ್ಟು ಹೊತ್ತು ಸುಮ್ಮನೆ ಉರಿಯುತ್ತಿದ್ದದ್ದು, ಈಗ ಆರಿತು, ಹತ್ತಿತು, ಮತ್ತೆ ಆರಿತು.

ಚೀಲ ಸರಿದ ಸಪ್ಪಳಕ್ಕೆ ಮಾಣಿಕಬಾಯಿ ತಿರುಗಿದರು. “ಯಾರ ಅಲ್ಲೆ?”

“ನಾ ರೀ ಅಕ್ಕಾರ, ಗೌರವ್ವ. ಕಂಪ್ಯೂಟರ್ ಬಾಯಿನೂ ಅದಾಳ.”

“ಕತ್ತಲ್ಯಾಗ ಏನ ಕಾಯಾಕತ್ತೀರೆ?”

ಏನೆಂದು ಹೇಳುವುದು? ಜೈನರ ಚಾತುರ್ಮಾಸದ ವ್ರತ ಹಿಡಿದ ಹಿರಿಯ ಜೀವ. ಬೆಳಕಿಗೆ ಬಂದು ಹುಳ ಸಾಯುತ್ತವೆ ಎಂದು ಆ ನಾಲ್ಕು ತಿಂಗಳು ಮನೆಯಲ್ಲಿ ಸಂಜೆಯ ದೀಪವನ್ನೂ ತಗ್ಗಿಸುವವರು. ಅವರೆದುರಿಗೆ, ನಿಮ್ಮ ಕೈಯಿಂದಲೇ ಎಲ್ಲ ಹಾಳಾಯಿತು ಎಂದರೆ ಆ ಜೀವ ತಡೆದೀತೆ? ಹೇಳದಿದ್ದರೆ ನಾಳೆ ತಾನಾಜಿ.

ಕಾಂಚನ ಎದ್ದು ಬಂದು ಪರದೆಯನ್ನು ಎತ್ತಿದಳು. ಒಂದು ಗಳಿಗೆ ಕೊತ್ತಂಬರಿ ಹೂವಿನ ಅಂಚು ಇದ್ದ ಹಾಗೆಯೇ ಕಂಡಿತು. ಆಮೇಲೆ ಕಿಟಕಿ ಪೂರ್ತಿ ನೀಲಿಯಾಯಿತು.

ಮಾಣಿಕಬಾಯಿ ಕಣ್ಣು ಕಿರಿದು ಮಾಡಿ ನೋಡಿದರು. ಮನೆಯಲ್ಲಿ ವಾರದಿಂದ ಇದೇ ಮಾತು; ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. “ಇದು... ನಾ ಮುಚ್ಚಿದ್ದಕ್ಕೇನ?”

“ನೀವು ಮುಚ್ಚೂ ಹಂಗ ಮಾಡಿದಾಕಿ ನಾನ್ರಿ ಅಕ್ಕಾರ,” ಎಂದಳು ಕಾಂಚನ. “ಪರದೆ ಆರಬಾರದು ಅಂತ ನಾನ ಹೇಳಿಟ್ಟಿದ್ನಿ. ರಾತ್ರಿಯೆಲ್ಲಾ ದೀಪಾ ಹಚ್ಚಿಟ್ಟ ಹುಳಾ ಕರದಾಕಿ ನಾನು. ಮುಚ್ಚಿದ್ರ ಇದು ಮಲಗತೈತಿ ಅನ್ನೂದು ನನಗ ಗೊತ್ತಿತ್ತು. ಮುಚ್ಚವರು ಇರತಾರ ಅನ್ನೂದು ತಲ್ಯಾಗ ಬರಲಿಲ್ಲ.”

ಮಾಣಿಕಬಾಯಿ ಮನೆಯ ಬಾಗಿಲ ಕಡೆಗೆ ತಿರುಗಿ ಮಗನನ್ನು ಕರೆದರು. ಅಭಯಕುಮಾರರು ಬಂದು, ಕತ್ತಲಲ್ಲಿ ಮೂವರು ಹೆಂಗಸರನ್ನೂ ನೀಲಿ ಪರದೆಯನ್ನೂ ನೋಡಿ ಬಾಗಿಲಲ್ಲೇ ನಿಂತರು.

“ಅಭಯ, ಸಂಜಿಕ ಇದನ್ನ ಮುಚ್ಚಿ ಮುಂಜಾನೆ ತೆರೆಯೂದು ನಾನಪಾ. ನಿನ್ನ ಡಿಸೈನ್ ಬಿದ್ದದ್ದು ಅದಕ್ಕಂತ.”

“ಮೊದಲ ಹೇಳಬಾರದಿತ್ತೇನವ್ವಾ?”

“ನನ್ನ ಯಾರ ಕೇಳಿದ್ರಿ? ಆ ಹುಡುಗನ್ನ ಬೈದಿ, ಈಕಿನ್ನ ಬೈದಿ. ನನ್ನ ಕೈಯಾಗಿಂದ ಹುಳಾ ಉಳದಾವು ಅಂತ ನಾ ಸಮಾಧಾನ ಇದ್ನಿ.” ಅವರು ಕಿಟಕಿಯ ಕಟ್ಟೆಯತ್ತ ನೋಡಿದರು. “ಇನ್ನ ಮ್ಯಾಲೆ ಮುಚ್ಚಬ್ಯಾಡ ಅಂತೀ?”

ಉತ್ತರ ಕೊಟ್ಟವಳು ಕಾಂಚನ. “ಮುಚ್ಚರಿ ಅಕ್ಕಾರ. ನಿಮಗ ಮುಚ್ಚಾಕ ಬರೂ ಹಂಗ ನಾ ಮಾಡಿಕೊಡತೇನಿ.”

ಮೊದಲು ಪಾವಣ್ಯಾನನ್ನು ಎಬ್ಬಿಸಿದಳು. ಅಂಚಿನ ಡಿಸೈನು ತೆರೆಯುತ್ತದೆಯೋ ಇಲ್ಲವೋ ಎಂದು ಗೌರವ್ವ ಕಪಾಟಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ಅದು ತಡಮಾಡಿ ತೆರೆಯಿತು, ಆದರೆ ಎಲ್ಲ ಹೂವೂ ಇದ್ದವು. ಆಮೇಲೆ ಕಾಂಚನ ಲ್ಯಾಪ್‌ಟಾಪಿಗೆ ಹೊಸ ಅಪ್ಪಣೆ ಕೊಟ್ಟಳು: ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಕಪ್ಪಾಗಬೇಕು, ಮುಚ್ಚಿದರೂ ಒಳಗಿನ ಜೀವ ಎಚ್ಚರಿರಬೇಕು, ಕೀಲಿಗೆ ಕರೆಂಟು ತಪ್ಪಬಾರದು. ಒಂದೊಂದನ್ನೂ ಎರಡೆರಡು ಸಲ ನೋಡಿದಳು.

“ಮುಚ್ಚರಿ,” ಎಂದು ಮಾಣಿಕಬಾಯಿಗೆ ಹೇಳಿದಳು.

ಅವರ ಕೈ ಮುಂದೆ ಬರಲಿಲ್ಲ. “ಒಳಗಿನಾಂವಗ ಉಸರ ಕಟ್ಟೂದಿಲ್ಲೇನವಾ?”

“ಇಲ್ರಿ. ಕತ್ತಲ್ಯಾಗ ಕುಂತಿರತಾನ, ಅಷ್ಟ.”

ಅವರು ಮುಚ್ಚಿದರು. ನಾಲ್ವರೂ ಕತ್ತಲಲ್ಲಿ ನಿಂತರು. ಲ್ಯಾಪ್‌ಟಾಪಿನ ಅಂಚಿನ ದೀಪ ಆರಲಿಲ್ಲ, ಸುಮ್ಮನೆ ಉರಿಯಿತು. ಮಳೆ ತಗಡಿನ ಮೇಲೆ ಬಿರುಸಾಗಿ ಬಂದು ಮತ್ತೆ ಸಣ್ಣಗಾಯಿತು. ಕೊನೆಗೆ ಅಭಯಕುಮಾರರೇ ಮುಂದೆ ಬಂದು ಪರದೆ ಎತ್ತಿದರು. ಕೊತ್ತಂಬರಿ ಹೂವು ಬಿಟ್ಟಲ್ಲೇ ಇತ್ತು. ಅವರು ಅದನ್ನು ಒಂದಿಷ್ಟು ಹೊತ್ತು ನೋಡಿದರು, ಜೇಬಿನಿಂದ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದರು. ತಾನಾಜಿಗೆ ಬರಬೇಡ ಎನ್ನುವುದು ಕೇಳಿಸಿತು. ತಿರುಗಿ ಬಂದಾಗ, “ಚಾ ಮಾಡಸಲೇನ್ರಿ ಕಾಂಚನಬಾಯಿ?” ಎಂದಷ್ಟೇ ಅಂದರು. ಅವರ ಬಾಯಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲವೆಂದು ಗೌರವ್ವನಿಗೆ ಗೊತ್ತಿತ್ತು.

ಕಾಂಚನ ಚಹಾ ಕುಡಿಯಲಿಲ್ಲ. ರೇನ್‌ಕೋಟ್ ಹಾಕಿಕೊಂಡು ಅಂಗಳಕ್ಕೆ ಬಂದು, ಸ್ಕೂಟರಿನ ಸೀಟು ಒರೆಸಿ, ಹತ್ತದೆ ನಿಂತಳು. ಗೆದ್ದವಳ ಮುಖ ಅದಾಗಿರಲಿಲ್ಲ. ಓಢಣಿಯ ಗಂಟು ಬಿಚ್ಚಿ ಉಂಗುರ ಹಾಕಿಕೊಂಡಳು, ಬೆರಳಲ್ಲಿ ಅದನ್ನು ತಿರುಗಿಸುತ್ತ ಆಫೀಸಿನ ಕಿಟಕಿಯನ್ನೇ ನೋಡಿದಳು.

“ಮತ್ಯಾಕವಾ? ಎಲ್ಲಾ ಸರಿ ಆತಲ್ಲ.”

“ಈ ಹೊಸಾ ಯಂತ್ರಗಳ ಭರೋಸಾ ಇಲ್ರಿ ಆಯಿ. ಒಂದೊಂದ ಸಲಾ ತಾವ ಅಪ್‌ಡೇಟ್ ಮಾಡಿಕೊಂತಾವ, ನಾವು ಹೇಳಿದ್ದೆಲ್ಲಾ ಮರತ ಬಿಡತಾವ. ವೈಭವಗ ಹೇಳೇನಿ, ಸಂಜಿಕ ಡಿಸೈನ್ ಮುಚ್ಚಿ ಹೋಗ ಅಂತ. ಅಂವಾ ಮಗ್ಗದವರ ಮಗ, ನಾಕ ದಿನಾ ಕೇಳತಾನ, ಐದನೇ ದಿನಾ ಬಿಟ್ಟ ಹೋಗತಾನ. ಹೊಸಾ ಕೀಲಿ ಎಲ್ಲೂ ಇಲ್ಲ.” ಅವಳು ಸ್ಕೂಟರ್ ಹತ್ತಿ, ಚಾಲೂ ಮಾಡಿ, ಮತ್ತೆ ಕಾಲು ಊರಿದಳು. “ದಿನಾ ಸಂಜಿಕ ನೀವು ಆ ಕಿಟಕಿ ಮುಂದ ಹಾದ ಹೋಗತೀರಲ್ರಿ. ಮುಚ್ಚಿದ ಮ್ಯಾಲೆ ಅದರ ಅಂಚಿನ್ಯಾಗಿನ ಸಣ್ಣ ದೀಪಾ ಸುಮ್ಮನ ಉರೀತಿದ್ರ ಏನೂ ಬ್ಯಾಡ, ಮನಿಗೆ ಹೋಗರಿ. ಕಣ್ಣ ಪಿಳಿಪಿಳಿ ಮಾಡಾಕತ್ತಿದ್ರ ಅದು ಮತ್ತ ಮಲಗೇತಿ ಅಂತ ತಿಳದ, ನನಗೊಂದ ಮಿಸ್ ಕಾಲ್ ಕೊಡತೀರೇನ್ರಿ ಆಯಿ?”